ಮಾತ್ರೆ ಬದಲಿಸಿದವನ ಲೆಕ್ಕಾಚಾರ

ಬೈಪೋಲಾರ್ ಕಾಯಿಲೆ ಇರುವವರು ಮಾತ್ರೆಗಳನ್ನು ಒಂದಕ್ಕೊಂದು ಹೋಲಿಸಲು ಕೂರುವುದು ಸಾಮಾನ್ಯವಾಗಿ ಆರೋಗ್ಯ ಚೆನ್ನಾಗಿದ್ದಾಗ. ಉನ್ಮಾದದಲ್ಲಿರುವವನಿಗೆ ಮಾತ್ರೆಯೇ ಬೇಡ. ಖಿನ್ನತೆಯಲ್ಲಿರುವವನಿಗೆ ಹೋಲಿಸುವಷ್ಟು ತ್ರಾಣ ಇರುವುದಿಲ್ಲ. ಚೆನ್ನಾಗಿರುವಾಗ ಮಾತ್ರ ‘ಇದೇ ಯಾಕೆ, ಅದು ಯಾಕಾಗಬಾರದು’ ಎಂಬ ಪ್ರಶ್ನೆ ಏಳುತ್ತದೆ. ಆದರೆ ಆ ಹೊತ್ತಿನಲ್ಲಿ ಮಾತ್ರೆಯ ತೊಂದರೆಗಳಷ್ಟೇ ಕಣ್ಣಿಗೆ ಬೀಳುತ್ತವೆ. ನಡುಗುವ ಕೈ ದಿನವೂ ಕಾಣುತ್ತದೆ, ಬಾರದೆ ನಿಂತ ಕಾಯಿಲೆ ಕಾಣುವುದಿಲ್ಲ. ನಾನು ಎಡವಿದ್ದು ಇಲ್ಲಿ.

ನಮ್ಮ ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಈ ಮಾತು ಬೇಗ ತಿಳಿದೀತು. ಮಳೆ ಹಿಡಿಯುವ ಮೊದಲು ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಆ ವರ್ಷ ಕೊಳೆರೋಗ ಬಾರದಿದ್ದರೆ ‘ಈ ಸಲ ಕೊಳೆಯೇ ಇರಲಿಲ್ಲ, ಸುಮ್ಮನೆ ದುಡ್ಡು ಹೋಯಿತು’ ಎನ್ನುವವರು ಊರಿಗೊಬ್ಬರಾದರೂ ಇರುತ್ತಾರೆ. ಹೊಡೆಸಿದ್ದರಿಂದಲೇ ಬರಲಿಲ್ಲ ಎಂಬುದು ಪಕ್ಕದ ತೋಟದಲ್ಲಿ ಉದುರಿಬಿದ್ದ ಕಾಯಿ ನೋಡಿದ ಮೇಲೆ ಗೊತ್ತಾಗುತ್ತದೆ. ನನ್ನ ತಲೆಗೆ ಪಕ್ಕದ ತೋಟ ಇರಲಿಲ್ಲ.

ನಾನು ಪ್ರೌಢಶಾಲೆಯ ಕನ್ನಡ ಮಾಸ್ತರ. ಮಳೆಗಾಲದಲ್ಲಿ ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕೂತಲ್ಲೇ ಪಾತ್ರದ ಮಾತು ಹೇಳುವವನು. ಕಾಯಿಲೆ ಮೊದಲು ಬಂದದ್ದು ಮೂವತ್ತು ತುಂಬುವ ಮುಂಚೆ. ನಿದ್ದೆಯಿಲ್ಲ, ದಣಿವಿಲ್ಲ, ಬಾಯಿಗೆ ಬಿಡುವಿಲ್ಲ. ಮನೆಯವರು ಮೊದಲು ದೇವಸ್ಥಾನಕ್ಕೆ, ಆಮೇಲೆ ಜೋಯಿಸರ ಹತ್ತಿರ ಕರೆದೊಯ್ದರು. ನನ್ನ ದೊಡ್ಡಪ್ಪನಿಗೂ ಹೀಗೇ ಆಗುತ್ತಿತ್ತಂತೆ. ಅವರ ಕಾಲದಲ್ಲಿ ಅದು ಗ್ರಹಚಾರವಾಗಿತ್ತು, ಕಾಯಿಲೆಯಾಗಿರಲಿಲ್ಲ. ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಬೈಪೋಲಾರ್ ಎಂದು ಹೆಸರಿಟ್ಟು ಓಲಾಂಜಪೈನ್ ಮತ್ತು ಲಿಥಿಯಂ ಕೊಟ್ಟರು. ಉನ್ಮಾದ ಇಳಿದ ಮೇಲೆ ಓಲಾಂಜಪೈನನ್ನು ನಿಧಾನವಾಗಿ ತೆಗೆದು ಲಿಥಿಯಂ ಒಂದನ್ನೇ ಉಳಿಸಿದರು.

ಲಿಥಿಯಂ ನನ್ನನ್ನು ಹಲವು ವರ್ಷ ನೆಟ್ಟಗೆ ನಿಲ್ಲಿಸಿತು. ಮದುವೆಯಾಯಿತು, ಮಗಳು ಹುಟ್ಟಿದಳು, ಶಾಲೆಯಲ್ಲಿ ಒಳ್ಳೆಯ ಹೆಸರು ಬಂತು. ಜೊತೆಗೆ ಅದರ ಬಾಕಿ ವಸೂಲಿಯೂ ನಡೆದಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಬೋರ್ಡಿನ ಮೇಲೆ ಬರೆದ ಅಕ್ಷರ ನೋಡಿ ಹಿಂದಿನ ಬೆಂಚಿನ ಹುಡುಗರು ನಗುತ್ತಿದ್ದರು. ಬಾಯಾರಿಕೆ ಜಾಸ್ತಿ, ರಾತ್ರಿ ಏಳುವುದೂ ಜಾಸ್ತಿ. ಥೈರಾಯ್ಡ್ ಕುಂದಿ ಅದಕ್ಕೊಂದು ಮಾತ್ರೆ ಸೇರಿಕೊಂಡಿತು. ಕೆಲವು ತಿಂಗಳಿಗೊಮ್ಮೆ ಬಸ್ಸು ಹತ್ತಿ ಪೇಟೆಗೆ ಹೋಗಿ ರಕ್ತ ಕೊಟ್ಟು ಬರಬೇಕು. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗಿಂತ ಮೊದಲು ತೆಗೆದ ರಕ್ತವೇ ಆಗಬೇಕು. ಶಾಲೆಗೆ ಅರ್ಧ ದಿನ ರಜೆ ಹಾಕಿ, ಯಾಕೆ ಎಂದು ಕೇಳಿದವರಿಗೆ ಸುಳ್ಳು ಹೇಳಬೇಕು.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ ದೂರು ಇನ್ನೊಂದಿತ್ತು. ಲಿಥಿಯಂ ನನ್ನ ಮಾತನ್ನು ಕದ್ದಿದೆ ಎಂದು ನನಗೆ ಬಲವಾಗಿ ಅನ್ನಿಸಿತ್ತು. ಅರ್ಥ ಹೇಳಲು ಕೂತರೆ ಶಬ್ದ ಒಂದೊಂದಾಗಿ ಬರುತ್ತಿತ್ತು, ಪ್ರವಾಹವಾಗಿ ಅಲ್ಲ. ಎದುರು ಅರ್ಥಧಾರಿ ಒಂದು ಪ್ರಶ್ನೆ ಎಸೆದರೆ ಕ್ಷಣ ಯೋಚಿಸಿ ಉತ್ತರಿಸುತ್ತಿದ್ದೆ. ಕಾಯಿಲೆ ಏರುತ್ತಿದ್ದ ದಿನಗಳಲ್ಲಿ ಮಾತು ತಾನಾಗಿ ಉಕ್ಕುತ್ತಿದ್ದ ನೆನಪು ಒಳಗೆ ಇತ್ತು. ಆ ದಿನಗಳು ಮುಗಿದದ್ದು ಆಸ್ಪತ್ರೆಯಲ್ಲಿ ಎಂಬುದನ್ನು ನೆನಪು ಜಾಣತನದಿಂದ ಅಳಿಸಿಹಾಕಿತ್ತು.

ಹೀಗಾಗಿ ಒಂದು ಬೇಸಿಗೆ ರಜೆಯಲ್ಲಿ ನೋಟ್‌ಬುಕ್ ತೆರೆದು ಗೆರೆ ಹಾಕಿ ಕೂತೆ. ಲಿಥಿಯಂ, ವಾಲ್ಪ್ರೋಯೇಟ್, ಲ್ಯಾಮೋಟ್ರಿಜಿನ್, ಕ್ವೆಟಿಯಾಪಿನ್. ಪ್ರತಿಯೊಂದರ ಕೆಳಗೂ ಅಡ್ಡಪರಿಣಾಮಗಳ ಪಟ್ಟಿ. ಡಬ್ಬಿಯೊಳಗಿನ ಚೀಟಿ ಓದಿದೆ, ಫೋನಿನಲ್ಲಿ ಹುಡುಕಿದೆ, ಮೆಡಿಕಲ್ ಶಾಪಿನವನನ್ನು ಕೇಳಿದೆ. ವಾಲ್ಪ್ರೋಯೇಟ್‌ನಿಂದ ತೂಕ ಏರುತ್ತದೆ, ಕೂದಲು ಉದುರುತ್ತದೆ, ಲಿವರ್ ನೋಡಿಸುತ್ತಿರಬೇಕು. ಕ್ವೆಟಿಯಾಪಿನ್ ತೂಕಡಿಕೆ ತರುತ್ತದೆ, ಸಕ್ಕರೆ ಏರಿಸಬಹುದು. ಲ್ಯಾಮೋಟ್ರಿಜಿನ್‌ಗೆ ಮಾತ್ರ ಕೈನಡುಕದ ಕಾಟ ಅಷ್ಟಿಲ್ಲ, ತೂಕವಿಲ್ಲ, ಆಗಾಗಿನ ರಕ್ತಪರೀಕ್ಷೆಯಿಲ್ಲ. ಚರ್ಮದ ಮೇಲೆ ಗುಳ್ಳೆ ಏಳುವ ಅಪಾಯವಿದೆ, ಆದರೆ ನಿಧಾನವಾಗಿ ಏರಿಸಿದರೆ ಅದು ತೀರಾ ಕಡಿಮೆ. ನನ್ನ ಪಟ್ಟಿಯಲ್ಲಿ ಲ್ಯಾಮೋಟ್ರಿಜಿನ್ ನಿರಾಯಾಸವಾಗಿ ಗೆದ್ದಿತು.

ಆ ಪಟ್ಟಿಯಲ್ಲಿ ಬರೆದದ್ದು ಬಹುಪಾಲು ಸುಳ್ಳಲ್ಲ. ಬರೆಯದೆ ಬಿಟ್ಟದ್ದೇ ನನ್ನನ್ನು ಕೆಡವಿದ್ದು. ಯಾವ ಮಾತ್ರೆ ಏನನ್ನು ತಡೆಯುತ್ತದೆ ಎಂಬ ಸಾಲೇ ಅದರಲ್ಲಿ ಇರಲಿಲ್ಲ. ನಾಲ್ಕೂ ಬೈಪೋಲಾರ್‌ಗೆ ಕೊಡುವ ಔಷಧ ಎಂದ ಮೇಲೆ ನಾಲ್ಕೂ ಒಂದೇ ಕೆಲಸ ಮಾಡುತ್ತವೆ ಎಂದುಕೊಂಡಿದ್ದೆ. ಕಾಯಿಲೆಗೇ ಒಂದು ಕಾಲಮ್ ಇರಬೇಕಿತ್ತು ಎಂಬುದಂತೂ ಹೊಳೆಯಲೇ ಇಲ್ಲ. ಲಿಥಿಯಂನ ನಡುಕವನ್ನು ಲ್ಯಾಮೋಟ್ರಿಜಿನ್‌ನ ನೆಮ್ಮದಿಯ ಜೊತೆ ಹೋಲಿಸಿದೆ, ನನ್ನ ಉನ್ಮಾದದ ಜೊತೆ ಹೋಲಿಸಲಿಲ್ಲ.

ಡಾಕ್ಟರಿಗೆ ಹೇಳಲಿಲ್ಲವೇ ಎಂದರೆ, ಕೈ ನಡುಗುವುದನ್ನು ಒಮ್ಮೆ ಹೇಳಿದ್ದೆ. ಹೊರಗೆ ಸಾಲು ಉದ್ದವಿತ್ತು, ಒಳಗೆ ಎರಡು ನಿಮಿಷ ಸಿಕ್ಕಿತ್ತು. ‘ಸ್ವಲ್ಪ ಇರುತ್ತದೆ, ಮುಂದುವರಿಸಿ’ ಎಂದಿದ್ದರು. ಮಾತಿನ ವಿಷಯ ಮಾತ್ರ ಬಾಯಿಬಿಡಲಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಸೊರಗಿದೆ ಎಂದು ಆಸ್ಪತ್ರೆಯಲ್ಲಿ ಹೇಗೆ ಹೇಳುವುದು ಎಂಬ ನಾಚಿಕೆ. ಹೆಂಡತಿಗೂ ಹೇಳಲಿಲ್ಲ, ಬೇಡ ಎನ್ನುತ್ತಾಳೆಂದು ಗೊತ್ತಿತ್ತು. ಫಿಟ್ಸ್ ಇದ್ದ ನೆಂಟರೊಬ್ಬರಿಗೆ ಬರೆದುಕೊಟ್ಟಿದ್ದ ಚೀಟಿಯಿಂದ ಲ್ಯಾಮೋಟ್ರಿಜಿನ್ ತರಿಸಿಕೊಂಡೆ. ಇಪ್ಪತ್ತೈದು ಮಿಲಿಗ್ರಾಮಿನಿಂದ ಶುರುಮಾಡಬೇಕೆಂದು ಓದಿದ್ದರಿಂದ ಹಾಗೆಯೇ ಮಾಡಿದೆ. ಬಹಳ ಜಾಗ್ರತೆಯ ಮನುಷ್ಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅದೇ ದಿನ ಲಿಥಿಯಂ ಪೂರ್ತಿ ನಿಲ್ಲಿಸಿದೆ.

ಇದರಲ್ಲಿದ್ದ ತಪ್ಪುಗಳು ಈಗ ಬಿಡಿಬಿಡಿಯಾಗಿ ಕಾಣುತ್ತವೆ. ಲ್ಯಾಮೋಟ್ರಿಜಿನ್ ಕೆಲಸ ಮಾಡುವ ಮಟ್ಟಕ್ಕೆ, ಅಂದರೆ ಸಾಮಾನ್ಯವಾಗಿ ಇನ್ನೂರು ಮಿಲಿಗ್ರಾಮಿಗೆ ಏರಲು ಆರು ವಾರವಾದರೂ ಬೇಕು. ಅಷ್ಟು ದಿನ ನನಗೆ ಕಾವಲೇ ಇರಲಿಲ್ಲ. ಲಿಥಿಯಂ ದಿಢೀರನೆ ಬಿಟ್ಟರೆ ಮುಂದಿನ ಕೆಲವು ತಿಂಗಳಲ್ಲಿ ಉನ್ಮಾದ ಮರಳುವ ಸಂಭವ ಹೆಚ್ಚು. ಬಿಡಲೇಬೇಕಾದಾಗ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ಇಳಿಸಬೇಕು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಲ್ಯಾಮೋಟ್ರಿಜಿನ್‌ನ ಬಲವಿರುವುದು ಖಿನ್ನತೆ ಮರುಕಳಿಸದಂತೆ ತಡೆಯುವುದರಲ್ಲಿ. ಉನ್ಮಾದವನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ನನ್ನ ಕಾಯಿಲೆಯೋ ಮೇಲಕ್ಕೆ ಜಿಗಿಯುವ ಜಾತಿಯದು. ಹಿಂಬಾಗಿಲಿಗೆ ಬೀಗ ಜಡಿದು ಮುಂಬಾಗಿಲು ತೆರೆದಿಟ್ಟಿದ್ದೆ.

ಮೊದಲ ವಾರಗಳು ಚೆನ್ನಾಗಿದ್ದವು. ಕೈ ನಡುಗುವುದು ನಿಂತಿತು. ಬಾಯಾರಿಕೆ ಇಳಿಯಿತು. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾದರೂ ಆಯಾಸವಿಲ್ಲ. ಬಣ್ಣ ಗಾಢವಾಗಿ ಕಾಣುತ್ತಿತ್ತು, ಶಬ್ದ ಕೈಗೆ ಸಿಗುತ್ತಿತ್ತು. ನನ್ನ ನಿರ್ಧಾರ ಸರಿಯೆನ್ನಲು ಇದಕ್ಕಿಂತ ಪುರಾವೆ ಬೇಕೇ ಎಂದುಕೊಂಡೆ. ಕಾಯಿಲೆ ತನ್ನ ಬರುವಿಕೆಯನ್ನು ಆರೋಗ್ಯದ ವೇಷದಲ್ಲೇ ತಿಳಿಸುತ್ತದೆಂದು ಹಿಂದೆ ಅನುಭವಿಸಿಯೂ ಕಲಿತಿರಲಿಲ್ಲ. “ಎಂತ ಇಷ್ಟು ಬೇಗ ಏಳ್ತಿದ್ದೀರಿ? ಮಾತ್ರೆ ತಗಳ್ತಾ ಇದ್ದೀರೋ ಇಲ್ವೋ?” ಎಂದು ಹೆಂಡತಿ ಕೇಳಿದಳು. “ತಗಳ್ತಾ ಇದ್ದೇನೆ” ಎಂದೆ. ಆ ಮಾತು ಸುಳ್ಳೂ ಆಗಿರಲಿಲ್ಲ, ಒಂದು ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದೆನಲ್ಲ.

ಆಷಾಢದಲ್ಲಿ ದೇವಸ್ಥಾನವೊಂದರಲ್ಲಿ ತಾಳಮದ್ದಳೆ. ವಾಲಿವಧೆ ಪ್ರಸಂಗ, ನನ್ನದು ವಾಲಿ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗವೇ ಆ ಪ್ರಸಂಗದ ಜೀವಾಳ. ವಾಲಿ ಕೇಳಬೇಕು, ರಾಮ ಉತ್ತರಿಸಬೇಕು, ಮತ್ತೆ ವಾಲಿ ಕೊಕ್ಕೆ ಹಾಕಬೇಕು. ಅಂದು ನಾನು ರಾಮನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಉಪನಿಷತ್ತು, ಪಂಚಾಯ್ತಿ ರಾಜಕೀಯ, ನಮ್ಮ ಶಾಲೆಯ ಬಿಸಿಯೂಟ ಎಲ್ಲವೂ ವಾಲಿಯ ಬಾಯಲ್ಲಿ ಬಂದವು. ಭಾಗವತರು ಜಾಗಟೆ ತಟ್ಟಿ ಸೂಚನೆ ಕೊಟ್ಟರು, ಕೊನೆಗೆ ಪದ್ಯವನ್ನೇ ಎತ್ತಿಕೊಂಡರು. ಅದರ ಮೇಲೂ ಮಾತಾಡಿದೆ. ಸಭೆ ಚಪ್ಪಾಳೆ ತಟ್ಟಿತು. ರಾಮನ ಅರ್ಥ ಹೇಳಬೇಕಿದ್ದ ಹಿರಿಯರು ಮಾತ್ರ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ನನ್ನ ಬದುಕಿನ ಅತ್ಯುತ್ತಮ ಅರ್ಥ ಅದು ಎಂದು ರಾತ್ರಿಯಿಡೀ ಹೆಂಡತಿಗೆ ಹೇಳಿದೆ.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಎಲ್ಲರ ಉನ್ಮಾದದ ಕಥೆಯೂ ಸುಮಾರಾಗಿ ಒಂದೇ. ಯಕ್ಷಗಾನಕ್ಕೊಂದು ಕಲಾಮಂದಿರ ಕಟ್ಟಿಸುವುದಾಗಿ ಘೋಷಿಸಿದೆ. ಸೊಸೈಟಿಯಲ್ಲಿ ಸಾಲ ಎತ್ತಿದೆ, ಹೆಂಡತಿಯ ಬಂಗಾರ ಅಡವಿಟ್ಟೆ, ಗುರುತಿಲ್ಲದ ಕಲಾವಿದರಿಗೆಲ್ಲ ಮುಂಗಡ ಹಂಚಿದೆ. ಹೆಡ್‌ಮಾಸ್ತರರ ಮೇಲೆ ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಮಗಳು ನನ್ನನ್ನು ಕಂಡು ಅಜ್ಜಿಯ ಹಿಂದೆ ಅಡಗಿಕೊಂಡಳು. ಭಾವ ಮತ್ತು ಇಬ್ಬರು ಗೆಳೆಯರು ಸೇರಿ ಆಸ್ಪತ್ರೆಗೆ ಸೇರಿಸಿದರು. ಉನ್ಮಾದ ಇಳಿದ ಮೇಲೆ ಬಂದ ಖಿನ್ನತೆ ಅದಕ್ಕಿಂತ ಬಹಳ ಉದ್ದವಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಸಾಯುವ ಯೋಚನೆ ಬಂತು. ಮಾತ್ರೆಗಳ ಡಬ್ಬಿಯನ್ನು ಹೆಂಡತಿ ಕಪಾಟಿನಲ್ಲಿಟ್ಟು ಕೀಲಿ ತನ್ನ ಹತ್ತಿರ ಇಟ್ಟುಕೊಂಡಳು.

ಚೇತರಿಸಿಕೊಂಡ ಮೇಲೆ ಗೆಳೆಯನೊಬ್ಬ ಆ ವಾಲಿವಧೆಯ ರೆಕಾರ್ಡಿಂಗ್ ಕೊಟ್ಟ. ಫೋನಿನಲ್ಲಿ ಒಬ್ಬನೇ ಕೂತು ಕೇಳಿದೆ. ಮೊದಲ ಹತ್ತು ನಿಮಿಷ ಪರವಾಗಿಲ್ಲ. ಆಮೇಲೆ ವಾಕ್ಯಗಳು ಮುಗಿಯುವುದೇ ಇಲ್ಲ. ಒಂದು ಉಪಮೆ ಅರ್ಧಕ್ಕೆ ನಿಂತು ಇನ್ನೊಂದು ಶುರುವಾಗುತ್ತದೆ. ಪ್ರಾಸ ಸಿಕ್ಕಿದ ಕಡೆಗೆಲ್ಲ ಅರ್ಥ ಓಡುತ್ತದೆ. ವಾಲಿಯ ನೋವು ಎಲ್ಲಿಯೂ ಇಲ್ಲ. ಅತ್ಯುತ್ತಮ ಎಂದುಕೊಂಡದ್ದು ಬರೀ ವೇಗವಾಗಿತ್ತು. ಲಿಥಿಯಂ ಇದ್ದಾಗ ಹೇಳಿದ ಇನ್ನೊಂದು ವಾಲಿಯ ರೆಕಾರ್ಡಿಂಗ್ ಕೂಡ ಅವನ ಹತ್ತಿರ ಇತ್ತು. ಅದು ನಿಧಾನ, ಆದರೆ ರಾಮನ ಪ್ರತಿಯೊಂದು ಮಾತಿಗೂ ಅದರಲ್ಲಿ ಉತ್ತರವಿತ್ತು. ನನ್ನ ಪಟ್ಟಿಯಲ್ಲಿ ಲಿಥಿಯಂ ವಿರುದ್ಧ ದಪ್ಪ ಅಕ್ಷರದಲ್ಲಿ ಬರೆದಿದ್ದ ದೂರು ಅರ್ಧಕ್ಕರ್ಧ ಅಲ್ಲೇ ಬಿದ್ದುಹೋಯಿತು. ಲಿಥಿಯಂನಿಂದ ಯೋಚನೆ ಸ್ವಲ್ಪ ನಿಧಾನವಾಗುತ್ತದೆಂದು ಹೇಳುವವರು ಎಷ್ಟೋ ಜನ ಇದ್ದಾರೆ. ಅದು ಕಟ್ಟುಕಥೆಯಲ್ಲ. ಆದರೆ ಎಷ್ಟು ನಿಧಾನ ಎಂಬುದನ್ನು ಅಳೆಯಲು ನನ್ನ ನೆನಪು ಯೋಗ್ಯ ಅಳತೆಗೋಲಾಗಿರಲಿಲ್ಲ.

ಎರಡನೆಯ ಸಲ ಹೋಲಿಕೆ ನಡೆದದ್ದು ಡಾಕ್ಟರ ಎದುರು, ಹೆಂಡತಿಯ ಜೊತೆಯಲ್ಲಿ. ಬೇರೆ ಊರಿನ ಹಿರಿಯ ಮನೋವೈದ್ಯರು. “ಮಾಸ್ತರ್ರೇ, ಯಾವ ಮಾತ್ರೆ ಅಂತ ಆಮೇಲೆ ನೋಡೋಣ. ಮೊದಲು ಕಾಯಿಲೆ ಹೇಗೆ ಬಂತು ಹೇಳಿ” ಎಂದು ಕಾಗದದ ಮೇಲೊಂದು ಅಡ್ಡಗೆರೆ ಎಳೆದರು. ಗೆರೆಯ ಮೇಲೆ ಉನ್ಮಾದ, ಕೆಳಗೆ ಖಿನ್ನತೆ, ಉದ್ದಕ್ಕೂ ವರ್ಷಗಳು. ಆಗ ಯಾವ ಮಾತ್ರೆ ಇತ್ತು, ಯಾವುದನ್ನು ಬಿಟ್ಟಿದ್ದೆ ಎಂಬುದನ್ನೂ ಬರೆದರು. ಅರ್ಧ ನನಗೆ ನೆನಪಿರಲಿಲ್ಲ, ಹೆಂಡತಿ ಹೇಳಿದಳು. ಚಿತ್ರ ಮುಗಿದಾಗ ಯಾರೂ ವಿವರಿಸಬೇಕಾಗಿರಲಿಲ್ಲ. ಲಿಥಿಯಂ ಇದ್ದ ವರ್ಷಗಳಲ್ಲಿ ಗೆರೆ ಸಪಾಟಾಗಿತ್ತು. ದೊಡ್ಡಪ್ಪನ ಮಗನಿಗೂ ಇದೇ ಕಾಯಿಲೆ ಇದ್ದು, ಅವನಿಗೂ ಲಿಥಿಯಂ ಹಿಡಿಸಿದೆ ಎಂದಾಗ ಅದನ್ನೂ ಗುರುತು ಹಾಕಿಕೊಂಡರು. ಮನೆತನದಲ್ಲಿ ಒಬ್ಬರಿಗೆ ಲಿಥಿಯಂ ಒಗ್ಗಿದ್ದರೆ ಇನ್ನೊಬ್ಬರಿಗೂ ಒಗ್ಗುವ ಸಾಧ್ಯತೆ ಹೆಚ್ಚಂತೆ.

ಆಮೇಲೆ ಬೇರೆ ಪ್ರಶ್ನೆಗಳು. ಕಿಡ್ನಿ ಹೇಗಿದೆ? ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೀರಾ? ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗುವ ಅಭ್ಯಾಸವಿದೆಯೇ? ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆಯೇ? ಲ್ಯಾಬು ಎಷ್ಟು ದೂರ? ಸಾಯುವ ಯೋಚನೆ ಬಂದದ್ದುಂಟೇ? ಮಾತ್ರೆ ತಪ್ಪಿದರೆ ಗಮನಿಸುವವರು ಮನೆಯಲ್ಲಿ ಯಾರು? ನನ್ನ ನೋಟ್‌ಬುಕ್ಕಿನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ನಾನು ಮಾತ್ರೆಗಳ ಗುಣದೋಷ ಬರೆದಿದ್ದೆ, ನುಂಗುವವನ ಬಗ್ಗೆ ಬರೆದಿರಲಿಲ್ಲ.

ಅವರು ಅಂದು ತಿಳಿಸಿದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ನನ್ನಂತೆ ಗೆರೆ ಹಾಕಿ ಕೂತವರಿಗೆ ಉಪಯೋಗವಾದೀತು.

ಲಿಥಿಯಂ ಅತ್ಯಂತ ಹಳೆಯದು, ಅಗ್ಗವೂ ಹೌದು. ಉನ್ಮಾದ ಮರಳದಂತೆ ತಡೆಯುವುದರಲ್ಲಿ ಗಟ್ಟಿ, ಖಿನ್ನತೆಯನ್ನೂ ಒಂದು ಮಟ್ಟಿಗೆ ತಡೆಯುತ್ತದೆ. ಆತ್ಮಹತ್ಯೆಯ ಅಪಾಯ ತಗ್ಗಿಸುವ ವಿಷಯದಲ್ಲಿ ಇದರ ಪರವಾಗಿರುವಷ್ಟು ಆಧಾರ ಈ ಗುಂಪಿನ ಬೇರೆ ಮಾತ್ರೆಗಳಿಗಿಲ್ಲ. ಆದರೆ ಉಪಯೋಗದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ. ದೀರ್ಘಕಾಲಕ್ಕೆ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು, 1.5 ದಾಟಿದರೆ ಅಪಾಯ. ವಾಂತಿಭೇದಿ, ಬೆವರು, ನಿರ್ಜಲ ಉಪವಾಸ, ದಿಢೀರನೆ ಉಪ್ಪು ಬಿಡುವುದು, ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ, ಕೆಲವು ಬಿಪಿ ಮಾತ್ರೆ ಇವೆಲ್ಲ ಆ ಮಟ್ಟವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ, ಮಂಕು ಕಂಡರೆ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್, ಕಿಡ್ನಿ, ಕ್ಯಾಲ್ಸಿಯಂ ಪರೀಕ್ಷೆಯನ್ನು ವರ್ಷ ವರ್ಷವೂ ಬಿಡದೆ ಮಾಡಿಸಬೇಕು.

ವಾಲ್ಪ್ರೋಯೇಟ್ ಉನ್ಮಾದವನ್ನು ಬೇಗ ಇಳಿಸುತ್ತದೆ, ಹೀಗಾಗಿ ಅದನ್ನು ಎಲ್ಲ ಕಡೆ ಬರೆದುಕೊಡುತ್ತಾರೆ. ದೀರ್ಘಕಾಲದ ತಡೆಗೆ ಅದು ಲಿಥಿಯಂನಷ್ಟು ಬಲವಾಗಿಲ್ಲ ಎಂಬುದನ್ನು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ಯಾಲನ್ಸ್ ಅಧ್ಯಯನ ತೋರಿಸಿತು. 330 ಜನರನ್ನು ಎರಡು ವರ್ಷದವರೆಗೆ ಗಮನಿಸಿದರು. ವಾಲ್ಪ್ರೋಯೇಟ್ ಮಾತ್ರ ತೆಗೆದುಕೊಂಡವರಲ್ಲಿ ನೂರಕ್ಕೆ 69 ಮಂದಿಗೆ, ಲಿಥಿಯಂ ಮಾತ್ರ ತೆಗೆದುಕೊಂಡವರಲ್ಲಿ 59 ಮಂದಿಗೆ, ಎರಡನ್ನೂ ತೆಗೆದುಕೊಂಡವರಲ್ಲಿ 54 ಮಂದಿಗೆ ಹೊಸದಾಗಿ ಎದ್ದ ಕಾಯಿಲೆಗೆ ಬೇರೆ ಚಿಕಿತ್ಸೆ ಬೇಕಾಯಿತು. ಲಿಥಿಯಂ ಮೇಲು ಎಂದು ಮಾತ್ರ ಇದನ್ನು ಓದಿದರೆ ಸಾಲದು. ಎರಡೂ ಮಾತ್ರೆ ನುಂಗಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ತೊಂದರೆ ಬಂದಿತ್ತು ಎಂಬುದನ್ನೂ ಓದಬೇಕು. ಯಾವ ಮಾತ್ರೆಯೂ ಕಾಯಿಲೆಯನ್ನು ಪೂರ್ತಿ ಕಟ್ಟಿಹಾಕುವ ಭರವಸೆ ಕೊಡುವುದಿಲ್ಲ. ನಿದ್ದೆ, ದಿನಚರಿ, ಮನೆಯವರ ಕಣ್ಣು ಇವೂ ಚಿಕಿತ್ಸೆಯ ಭಾಗವೇ.

ಹೆಣ್ಣುಮಕ್ಕಳ ವಿಷಯದಲ್ಲಿ ವಾಲ್ಪ್ರೋಯೇಟ್‌ನ ಲೆಕ್ಕವೇ ಬೇರೆ. ಬಸಿರಿನಲ್ಲಿ ತೆಗೆದುಕೊಂಡರೆ ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಹುಟ್ಟಿನ ಅಂಗದೋಷ ಬರುತ್ತದೆ. ಮೂವತ್ತರಿಂದ ನಲವತ್ತು ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿ ಬೆಳವಣಿಗೆಯಲ್ಲಿ ತೊಂದರೆಯಾಗಬಹುದು. ಬಸಿರು ನಿಂತದ್ದು ಗೊತ್ತಾಗುವ ಹೊತ್ತಿಗೆ ಹಾನಿ ಆಗಿರಬಹುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ದಾರಿ ಇರುವಾಗ ಇದನ್ನು ಕೊಡಬಾರದು ಎನ್ನುವುದು ಅದಕ್ಕೇ. ನಮ್ಮಲ್ಲಿ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವ ಮನೆಗಳಲ್ಲಿ ಹುಡುಗಿ ಕದ್ದು ಮಾತ್ರೆ ನುಂಗುತ್ತಾಳೆ, ಇಲ್ಲವೇ ಪೂರ್ತಿ ಬಿಡುತ್ತಾಳೆ. ಎರಡರಲ್ಲೂ ಅಪಾಯವಿದೆ. ಮಗು ಬೇಕು ಎಂಬ ಮಾತನ್ನು ಮನೋವೈದ್ಯರಿಗೆ ಬಸಿರಿಗಿಂತ ಮೊದಲೇ ಹೇಳಬೇಕು.

ಲ್ಯಾಮೋಟ್ರಿಜಿನ್ ಕೆಟ್ಟ ಮಾತ್ರೆಯಲ್ಲ. ನನ್ನ ಕಾಯಿಲೆಗೆ ಅದೊಂದೇ ಸಾಲುತ್ತಿರಲಿಲ್ಲ, ಅಷ್ಟೆ. ಉನ್ಮಾದ ಅಪರೂಪವಾಗಿ, ಖಿನ್ನತೆ ಮತ್ತೆ ಮತ್ತೆ ಬರುವವರಿಗೆ ಅದು ವರವಾಗಿದೆ. ಎರಡು ವಾರ ಇಪ್ಪತ್ತೈದು, ಮತ್ತೆರಡು ವಾರ ಐವತ್ತು, ಹೀಗೆ ಮೆಟ್ಟಿಲು ಹತ್ತಿದಂತೆ ಏರಿಸಬೇಕು. ಜೊತೆಯಲ್ಲಿ ವಾಲ್ಪ್ರೋಯೇಟ್ ಇದ್ದರೆ ಅದರಲ್ಲೂ ಅರ್ಧ. ಸತತವಾಗಿ ಕೆಲವು ದಿನ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯುವಂತಿಲ್ಲ, ಮತ್ತೆ ಮೊದಲ ಮೆಟ್ಟಿಲು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಅದರ ಮಟ್ಟ ಇಳಿಸುತ್ತದೆ. ಚರ್ಮದಲ್ಲಿ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಒಟ್ಟಿಗೆ ಕಂಡರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ಕಾರ್ಬಮಜೆಪೈನ್ ಕೂಡ ಕೆಲವರಿಗೆ ಒಗ್ಗುತ್ತದೆ. ಆದರೆ ಅದು ಬೇರೆ ಔಷಧಗಳ ಬಲವನ್ನು, ಗರ್ಭನಿರೋಧಕದ ಬಲವನ್ನೂ ಕುಗ್ಗಿಸುತ್ತದೆ, ರಕ್ತದ ಸೋಡಿಯಂ ಇಳಿಸಬಲ್ಲದು.

ಕ್ವೆಟಿಯಾಪಿನ್‌ಗೆ ಉನ್ಮಾದ, ಖಿನ್ನತೆ ಎರಡೂ ಕಡೆ ಕೈಯಿದೆ. ಓಲಾಂಜಪೈನ್ ಉನ್ಮಾದಕ್ಕೆ ಬಲವಾದದ್ದು. ಎರಡೂ ಹಸಿವು, ತೂಕ, ಸಕ್ಕರೆ, ಕೊಬ್ಬು ಏರಿಸುತ್ತವೆ, ಓಲಾಂಜಪೈನ್‌ನದು ಸ್ವಲ್ಪ ಹೆಚ್ಚೇ. ಸೊಂಟದ ಸುತ್ತಳತೆ, ತೂಕ, ಸಕ್ಕರೆ ನೋಡಿಸುತ್ತಲೇ ಇರಬೇಕು. ಅರಿಪಿಪ್ರಜೋಲ್‌ನಿಂದ ತೂಕದ ಕಾಟ ಕಡಿಮೆ, ಆದರೆ ಕೂತಲ್ಲಿ ಕೂರಲಾಗದ ಚಡಪಡಿಕೆ ಕೆಲವರಿಗೆ ಬರುತ್ತದೆ. ದಿನವೂ ಮಾತ್ರೆ ನುಂಗಲಾಗದವರಿಗೆ ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್‌ಗಳಿವೆ. ಖಿನ್ನತೆಯೆಂದು ಖಿನ್ನತೆಯ ಮಾತ್ರೆಯೊಂದನ್ನೇ ತೆಗೆದುಕೊಂಡರೆ ಬೈಪೋಲಾರ್ ಇರುವವರು ಉನ್ಮಾದಕ್ಕೆ ಜಿಗಿಯಬಹುದು. ಹಾಗಾಗಿ ಹಿಂದೆ ಉನ್ಮಾದ ಬಂದಿದ್ದರೆ ಯಾವ ಡಾಕ್ಟರಿಗಾದರೂ ಮೊದಲು ಅದನ್ನೇ ಹೇಳಬೇಕು.

ಇಷ್ಟು ಮಾತಾದ ಮೇಲೆ ನನಗೆ ಮತ್ತೆ ಲಿಥಿಯಂ ಬಂತು. ಆದರೆ ಮೊದಲಿನಂತೆ ಅಲ್ಲ. ಹಳೆಯ ರಿಪೋರ್ಟುಗಳಲ್ಲಿ ನನ್ನ ಮಟ್ಟ 0.9ರ ಆಸುಪಾಸಿನಲ್ಲಿತ್ತು. ಅದನ್ನು 0.7ಕ್ಕೆ ತಂದರು. ಹಗಲಿನ ಮಾತ್ರೆ ತೆಗೆದು ನಿಧಾನವಾಗಿ ಕರಗುವ ಮಾತ್ರೆಯನ್ನು ರಾತ್ರಿಗೊಂದೇ ಹೊತ್ತಿಗೆ ಇಟ್ಟರು. ಅಸ್ತಮಾ ಇಲ್ಲವೆಂದು ಖಚಿತಪಡಿಸಿಕೊಂಡು ನಡುಕಕ್ಕೆ ಪ್ರೊಪ್ರನಲಾಲ್ ಕೊಟ್ಟರು. ಕೈ ಅರ್ಧಕ್ಕಿಂತ ಹೆಚ್ಚು ನೆಟ್ಟಗಾಯಿತು. ನನ್ನ ದೂರಿಗೆ ಲಿಥಿಯಂ ಒಳಗೇ ಪರಿಹಾರವಿತ್ತು. ಬಾಯಿಬಿಟ್ಟು, ಸಿಕ್ಕದಿದ್ದರೆ ಇನ್ನೊಮ್ಮೆ ಹೋಗಿ ಕೇಳಬೇಕಿತ್ತು. ‘ಬಿಡಬೇಕೆನ್ನಿಸುತ್ತಿದೆ’ ಎಂದು ಒಂದು ಮಾತು ಹೇಳಿದ್ದರೆ ಯಾವ ವೈದ್ಯರೂ ಎರಡು ನಿಮಿಷದಲ್ಲಿ ಎಬ್ಬಿಸಿ ಕಳಿಸುತ್ತಿರಲಿಲ್ಲವೇನೋ.

ಮಾತ್ರೆ ಬಿಟ್ಟವನು ನಾನೊಬ್ಬನೇ ಅಲ್ಲ. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಲಿಥಿಯಂ ಉನ್ಮಾದಕ್ಕೆ ಕೆಲಸ ಮಾಡುತ್ತದೆಂದು 1949ರಲ್ಲಿ ಪ್ರಕಟಿಸಿದರು. ಅವರು ಮೊದಲು ಚಿಕಿತ್ಸೆ ಕೊಟ್ಟದ್ದು ವರ್ಷಗಳಿಂದ ಉನ್ಮಾದದಲ್ಲೇ ಇದ್ದ, ಐವತ್ತು ದಾಟಿದ ಒಬ್ಬ ರೋಗಿಗೆ. ಆತ ಗುಣವಾಗಿ ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಆಮೇಲೆ ಮಾತ್ರೆ ಬಿಟ್ಟ, ಕೆಲವೇ ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದ. ಲಿಥಿಯಂ ಮತ್ತೆ ಶುರುಮಾಡಿದರು, 1950ರಲ್ಲಿ ಅದರ ವಿಷವೇರಿ ತೀರಿಕೊಂಡ. ಆಗ ರಕ್ತದಲ್ಲಿ ಅದರ ಮಟ್ಟ ನೋಡುವ ಪದ್ಧತಿಯೇ ಇರಲಿಲ್ಲ. ನಾನು ಶಪಿಸುತ್ತ ಬಸ್ಸು ಹತ್ತುತ್ತಿದ್ದ ರಕ್ತಪರೀಕ್ಷೆ ಆ ಮನುಷ್ಯನಿಗೆ ಸಿಗಲಿಲ್ಲ. ಡೆನ್ಮಾರ್ಕಿನ ಮೊಗೆನ್ಸ್ ಶೌ ಮುಂದೆ ಈ ಔಷಧವನ್ನು ವಿಧಿವತ್ತಾಗಿ ಪರೀಕ್ಷಿಸಿ, ಕಾಯಿಲೆ ಮರಳದಂತೆಯೂ ಅದು ತಡೆಯುತ್ತದೆಂದು ತೋರಿಸಲು ದಶಕಗಟ್ಟಲೆ ದುಡಿದರು. ಅವರ ಸ್ವಂತ ತಮ್ಮನಿಗೇ ಮನೋರೋಗವಿತ್ತು. ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಈ ಕಾಯಿಲೆಯ ಬಗ್ಗೆ ಪಾಠ ಹೇಳುವ ಮನಶ್ಶಾಸ್ತ್ರಜ್ಞೆ. ತಾವೇ ಲಿಥಿಯಂ ಬಿಟ್ಟು ಪಟ್ಟ ಪಾಡನ್ನು 1995ರ ಆತ್ಮಕಥನದಲ್ಲಿ ಬರೆದಿದ್ದಾರೆ. ಓದು, ಬುದ್ಧಿ ಇದ್ದವರು ಬಿಡುವುದಿಲ್ಲ ಎಂಬುದು ಸುಳ್ಳು. ಕಾರಣಗಳನ್ನು ಚೆನ್ನಾಗಿ ಜೋಡಿಸಬಲ್ಲವರು ಇನ್ನೂ ಸುಲಭವಾಗಿ ಬಿಡುತ್ತಾರೆ.

ಈಗ ನಮ್ಮ ಮನೆಯಲ್ಲಿ ಒಂದು ಕರಾರು ಇದೆ. ಸತತ ಎರಡು ರಾತ್ರಿ ನಿದ್ದೆ ಐದು ಗಂಟೆಗಿಂತ ಕಡಿಮೆಯಾದರೆ ಹೆಂಡತಿ ಡಾಕ್ಟರಿಗೆ ಫೋನ್ ಮಾಡುತ್ತಾಳೆ, ನನ್ನ ಒಪ್ಪಿಗೆ ಕೇಳುವುದಿಲ್ಲ. ಇಡೀ ರಾತ್ರಿಯ ತಾಳಮದ್ದಳೆ ಬಿಟ್ಟಿದ್ದೇನೆ, ಸಂಜೆಯದಕ್ಕೆ ಹೋಗುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಕಾಯಿಲೆ ಮರುಕಳಿಸಿದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಆರೋಗ್ಯವಾಗಿದ್ದಾಗಲೇ ಬರೆದಿಡಬಹುದು. ನಾನು ಬರೆದಿದ್ದೇನೆ, ಹೆಂಡತಿಯ ಹೆಸರು ಹಾಕಿದ್ದೇನೆ. ಸೊಸೈಟಿಯ ಸಾಲ ಇನ್ನೂ ತೀರುತ್ತಿದೆ. ಬಂಗಾರ ಬಿಡಿಸಿದ್ದೇನೆ.

ಓದುವವರಲ್ಲಿ ಯಾರಾದರೂ ಈಗ ನೋಟ್‌ಬುಕ್ಕಿನಲ್ಲಿ ಗೆರೆ ಹಾಕುತ್ತಿದ್ದರೆ, ಹಾಕಿ. ಮಾತ್ರೆ ಬದಲಿಸುವುದು ನಿಮ್ಮ ಹಕ್ಕು, ಅದಕ್ಕೆ ನಿಜವಾದ ಕಾರಣಗಳಿರುತ್ತವೆ. ಆದರೆ ಮೊದಲ ಕಾಲಮ್ಮಿನಲ್ಲಿ ನಿಮ್ಮ ಕಾಯಿಲೆಯ ಹೆಸರು ಬರೆಯಿರಿ. ಅದು ಬಂದಾಗ ಏನೇನು ಹೋಯಿತು ಎಂಬುದನ್ನು ಕೆಳಗೆ ಬರೆಯಿರಿ. ನೆನಪಾಗದಿದ್ದರೆ ಮನೆಯವರನ್ನು ಕೇಳಿ, ಅವರು ಮರೆತಿರುವುದಿಲ್ಲ. ಆ ಕಾಗದ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಅವರಿಗೆ ಬಿಡುವಿಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಯವರೆಗೆ, ವಿಷವೇರಿದ ಲಕ್ಷಣವೋ ಮೈಮೇಲೆ ಗುಳ್ಳೆಯೋ ಕಾಣದಿದ್ದರೆ, ಇವತ್ತು ರಾತ್ರಿಯ ಮಾತ್ರೆಯನ್ನು ತಪ್ಪಿಸ‌ಬೇಡಿ.